ಶನಿವಾರದ ನೀರು

"ಬಸ್ಸು ಬರುತ್ತಾ ಮೇಡಂ?" ಎಂದು ಕೇಳಿದರೆ ಅವರು "ನಿನ್ನೆ ಬಂದಿತ್ತು" ಎನ್ನುತ್ತಿದ್ದರು. ಬರುತ್ತೆ ಎನ್ನುವ ಒಂದು ಮಾತನ್ನು ಅವರ ಬಾಯಿಂದ ಹೊರಡಿಸಲು ನಾನು ವರ್ಷಗಟ್ಟಲೆ ಪ್ರಯತ್ನಪಟ್ಟು ಸೋತಿದ್ದೇನೆ. ಸಂಜೆ ಹೊತ್ತು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ನಿಲ್ಲುತ್ತಿದ್ದೆವು. ನಾನು ಚನ್ನರಾಯಪಟ್ಟಣಕ್ಕೆ, ಅವರು ಅರಕಲಗೂಡಿಗೆ. ದಿನಾ ಬರುವ ಬಸ್ಸು, ದಿನಾ ನೋಡುವ ಕಂಡಕ್ಟರು, ಆದರೂ ನಿನ್ನೆ ಬಂದಿತ್ತು. ಮೊದಮೊದಲು ಇದನ್ನು ಕೊಬ್ಬು ಎಂದುಕೊಂಡಿದ್ದೆ. ಆಮೇಲೆ ತಮಾಷೆ ಎಂದುಕೊಂಡೆ. ಎರಡೂ ಅಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಲು ಅವರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹೋದ ತಿಂಗಳು ಅವರು ನಿವೃತ್ತರಾದರು. ಕಾಲೇಜಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ ಅವರನ್ನು ನಗುಮೊಗದವರು, ತಾಯಿ ಹೃದಯದವರು ಎಂದು ಹೊಗಳಿದರು. ಅವರು ನಗುಮೊಗದವರೇನೂ ಅಲ್ಲ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಕಪ್ಪೆಯ ಚಿತ್ರ ಚೆನ್ನಾಗಿದೆಯೆಂದು ಮೆಚ್ಚಿಸಿಕೊಳ್ಳಲು ಹೋದ ಹುಡುಗಿಗೆ, "ಇದು ಪುಸ್ತಕದ ಕಪ್ಪೆ. ಟ್ರೇನಲ್ಲಿರೋ ಕಪ್ಪೆ ಬರಿ" ಎಂದು ಹಿಂದಕ್ಕೆ ಕಳಿಸುತ್ತಿದ್ದವರು. ನನ್ನ ಸರದಿ ಬಂದಾಗ ನಾನೂ ಎರಡು ನಿಮಿಷ ಅದೂ ಇದೂ ಹೇಳಿ ಕೂತುಬಿಟ್ಟೆ. ಹೇಳಬೇಕಾದದ್ದು ಹಾರ ಹಾಕಿದ ವೇದಿಕೆಯ ಮೇಲೆ ಹೇಳುವಂಥದ್ದಾಗಿರಲಿಲ್ಲ.

ಬರೆಯಲೇ ಎಂದು ಅವರನ್ನೇ ಕೇಳಿದೆ. "ಬರೀರಿ. ನನ್ನ ಹೆಸರು ಬೇಡ. ನಾನು ಮಾಡಿದ್ದೂ ಬರೀರಿ, ನೀವು ಮಾಡಿದ್ದೂ ಬರೀರಿ" ಎಂದರು. ಎರಡನ್ನೂ ಬರೆಯುತ್ತಿದ್ದೇನೆ. ಹೆಸರು ಬರೆಯುತ್ತಿಲ್ಲ. ಇಲ್ಲಿ ಬರುವ ಇನ್ನೊಬ್ಬ ಹೆಂಗಸಿನ ಹೆಸರನ್ನೂ ಬದಲಾಯಿಸಿದ್ದೇನೆ.

ನಾನು ರಸಾಯನಶಾಸ್ತ್ರದ ಮೇಷ್ಟ್ರಾಗಿ ಆ ಕಾಲೇಜಿಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಅವರು ಪ್ರಾಣಿಶಾಸ್ತ್ರ. ನನಗಿಂತ ಹತ್ತು ವರ್ಷ ದೊಡ್ಡವರು. ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆ ಅವರದು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಸ್ಟಾಫ್ ರೂಮಿನಲ್ಲಿ ಯಾರಿಗೂ ಇರಲಿಲ್ಲ. ಅಣ್ಣ ಅತ್ತಿಗೆಯರ ಜೊತೆ ಇದ್ದು, ಬೆಳಗ್ಗೆ ಒಲೆಯ ಕೆಲಸವನ್ನೂ ಮುಗಿಸಿ, ಒಂಬತ್ತರ ಬಸ್ಸಿಗೆ ಬರುತ್ತಿದ್ದರು. ಅಂಥವರು ನಲವತ್ತು ದಾಟಿದ ಮೇಲೆ ಮೈಸೂರಿನಲ್ಲಿ ಪಿಎಚ್.ಡಿ.ಗೆ ಸೇರಿದರು. ವಿಷಯ, ಹೆಂಗಸರ ಅಂಡಾಶಯದ ಕ್ಯಾನ್ಸರು, ಅದರಲ್ಲಿ ಗ್ರೋತ್ ಫ್ಯಾಕ್ಟರುಗಳ ಪಾತ್ರ. ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿ ಗಂಡಸರೆಲ್ಲ ಪೇಪರ್ ಬಿಡಿಸಿಕೊಂಡರು.

ಅವರ ಸಂಶೋಧನೆಗೂ ನನಗೂ ಮೊದಲ ಪರಿಚಯ ಆದದ್ದು ಒಂದು ಫ್ಲಾಸ್ಕಿನ ಮೂಲಕ. ಸ್ಟಾಫ್ ರೂಮಿನ ಮೇಜಿನ ಮೇಲೆ ಕಾಫಿಯ ಫ್ಲಾಸ್ಕ್ ಇರುತ್ತಿತ್ತು. ಒಂದು ದಿನ ಪಕ್ಕದಲ್ಲಿ ಇನ್ನೊಂದು ಇತ್ತು, ಅಗಲ ಬಾಯಿಯದು. ಇವತ್ತು ಯಾರೋ ಹೊಸದಾಗಿ ಕಾಫಿ ತಂದಿದ್ದಾರೆಂದು ಮುಚ್ಚಳ ತೆಗೆದೆ. ಒಳಗೆ ಐಸು, ಐಸಿನ ಮಧ್ಯೆ ಒಂದು ಗಾಜಿನ ಬಾಟಲಿ, ಬಾಟಲಿಯಲ್ಲಿ ತಿಳಿ ಹಳದಿ ಬಣ್ಣದ ದ್ರವ. ಎತ್ತಿ ಬೆಳಕಿಗೆ ಹಿಡಿದು, "ಏನ್ ಮೇಡಂ, ಜೇನುತುಪ್ಪ ತಂದ್ರಾ?" ಎಂದೆ.

"ಹೊಟ್ಟೆ ನೀರು. ಮೆಲ್ಲಗೆ ಇಡಿ" ಎಂದರು.

ನಮ್ಮದು ಪೂಜೆ ಮಾಡಿಕೊಂಡು ಬಂದ ಮನೆತನ. ನಾನು ಅಂಥ ಮಡಿವಂತನೇನಲ್ಲ, ಆದರೂ ಅವತ್ತು ನಾಲ್ಕು ಸಲ ಸೋಪು ಹಾಕಿ ಕೈ ತೊಳೆದೆ. ಮನೆಗೆ ಹೋಗಿ ಸ್ನಾನವನ್ನೂ ಮಾಡಿದೆ. ಇದು ಅವರಿಗೆ ಹೇಗೋ ಗೊತ್ತಾಗಿ, ಆಮೇಲೆ ನಾನು ಕಾಫಿ ಬಗ್ಗಿಸಿಕೊಳ್ಳುವಾಗಲೆಲ್ಲ, "ಸರಿಯಾಗಿ ನೋಡ್ಕೊಂಡು ಬಗ್ಗಿಸ್ಕೊಳಿ ಸ್ವಾಮಿ" ಎಂದು ಗಂಭೀರವಾಗಿ ಎಚ್ಚರಿಸುತ್ತಿದ್ದರು.

ಅವತ್ತು ಡಾಕ್ಟರು ಹಿಂದಿನ ದಿನವೇ ನೀರು ತೆಗೆದಿದ್ದರಿಂದ ಬಾಟಲಿ ಸ್ಟಾಫ್ ರೂಮಿಗೆ ಬಂದಿತ್ತು; ಅವರ ಕೆಲಸದ ಮಾಮೂಲಿ ಕ್ರಮ ಹೀಗಿತ್ತು. ಶನಿವಾರ ಕಾಲೇಜು ಅರ್ಧ ದಿನ. ಮಧ್ಯಾಹ್ನ ಹಾಸನಕ್ಕೆ ಹೋಗುವರು. ಅಲ್ಲಿಯ ಒಂದು ಆಸ್ಪತ್ರೆಗೆ ಈ ಕಾಯಿಲೆಯ ಹೆಂಗಸರು ಬರುತ್ತಿದ್ದರು. ಕ್ಯಾನ್ಸರು ಹೆಚ್ಚಾದಾಗ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಉಸಿರಾಡಲು ಆಗದಷ್ಟು ಬಿಗಿದುಕೊಂಡಾಗ ಡಾಕ್ಟರು ಸೂಜಿ ಹಾಕಿ ಅದನ್ನು ತೆಗೆಯುತ್ತಾರೆ. ಹೇಗೂ ಚೆಲ್ಲುವ ನೀರು, ಅದರಲ್ಲಿ ಒಂದು ಬಾಟಲಿ ಮೇಡಂಗೆ ಕೊಡುತ್ತಿದ್ದರು. ಐಸ್‌ಕ್ಯಾಂಡಿ ಅಂಗಡಿಯಿಂದ ಐಸು ಕೊಂಡು, ಬಾಟಲಿಯನ್ನು ಅದರಲ್ಲಿ ಹುದುಗಿಸಿ, ಮೈಸೂರು ಬಸ್ಸು ಹತ್ತುವರು. ಬಸ್ಸು ತಿರುಗಿ ಹೊಳೆನರಸೀಪುರದ ಮೇಲೇ ಬಂದು ಹಳ್ಳಿಮೈಸೂರು ದಾಟಿ ಹೋಗಬೇಕು. ಭಾನುವಾರ ಇಡೀ ದಿನ ಲ್ಯಾಬಿನಲ್ಲಿ ಕೆಲಸ, ಸಂಜೆ ವಾಪಸು.

ಆ ನೀರಲ್ಲಿ ಏನು ಹುಡುಕುತ್ತೀರಿ ಎಂದು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಹೆಂಗಸಿನ ಅಂಡಾಶಯದಿಂದ ತಿಂಗಳಿಗೊಮ್ಮೆ ಅಂಡ ಹೊರಬರುವಾಗ ಅದರ ಮೇಲ್ಪದರ ಹರಿಯುತ್ತದೆ. ಅದೊಂದು ಸಣ್ಣ ಗಾಯ. ಗಾಯ ಮಾಯಬೇಕಾದರೆ ಸುತ್ತಲಿನ ಜೀವಕೋಶಗಳಿಗೆ ಬೆಳೆಯಿರಿ, ಮುಚ್ಚಿರಿ ಎಂದು ಅಪ್ಪಣೆ ಹೋಗಬೇಕು. ಆ ಅಪ್ಪಣೆ ಒಯ್ಯುವ ವಸ್ತುಗಳೇ ಗ್ರೋತ್ ಫ್ಯಾಕ್ಟರುಗಳು. ಗಾಯ ಮುಚ್ಚಿದ ಮೇಲೆ ಅಪ್ಪಣೆ ನಿಲ್ಲಬೇಕು. ಕ್ಯಾನ್ಸರಿನ ಕೋಶದಲ್ಲಿ ಅದು ನಿಲ್ಲುವುದಿಲ್ಲ. "ತಾನೇ ಕಾಗದ ಬರೆಯುತ್ತೆ, ತಾನೇ ಓದ್ಕೊಳ್ಳುತ್ತೆ. ಬೆಳಿ ಅಂತ ಬರ್ಕೊಂಡು ಬೆಳೀತಾನೇ ಇರುತ್ತೆ" ಎಂದರು. ಇನ್ನೊಂದು ಬಗೆಯ ಅಪ್ಪಣೆ ರಕ್ತನಾಳಗಳನ್ನು ತನ್ನ ಕಡೆ ಕರೆಯುತ್ತದಂತೆ. ಹಾಗೆ ಬಂದ ನಾಳಗಳು ಸೋರುತ್ತವೆ, ಸೋರಿದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಹೀಗಾಗಿ ಆ ನೀರು ಬರೀ ನೀರಲ್ಲ, ಅದರ ತುಂಬ ಈ ಅಪ್ಪಣೆಗಳೇ. ಗಾಜಿನ ತಟ್ಟೆಯಲ್ಲಿ ಸಾಕಿದ ಕೋಶಗಳಿಗೆ ಆ ನೀರನ್ನು ನಾಲ್ಕು ಹನಿ ಹಾಕಿದರೆ ಅವು ಕಿಕ್ಕಿರಿದು ಬೆಳೆಯುತ್ತವೆ. ಹಾಕದ ತಟ್ಟೆಯಲ್ಲಿ ಸುಮ್ಮನೆ ಇರುತ್ತವೆ. ಯಾರ ನೀರಿನಲ್ಲಿ ಯಾವುದು ಎಷ್ಟಿದೆ, ಯಾವುದನ್ನು ತಡೆದರೆ ಬೆಳವಣಿಗೆ ನಿಲ್ಲುತ್ತದೆ, ಇದು ಅವರ ಪ್ರಶ್ನೆ.

ಬಿ.ಎಸ್ಸಿ. ಹುಡುಗರಿಗೆ ಇದನ್ನೇ ಬೇರೆ ಥರ ಹೇಳುತ್ತಿದ್ದರು. ಅಣ್ಣನ ಹೊಲದಿಂದ ಒಂದು ಹೊಗೆಸೊಪ್ಪಿನ ಗಿಡವನ್ನು ಮಣ್ಣಿನ ಸಮೇತ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು, ಅದರ ತುದಿ ಚಿವುಟಿದರು. "ಈಗ ಏನಾಗುತ್ತೆ?"

ಹಿಂದಿನ ಬೆಂಚಿನ ಒಬ್ಬ ಹುಡುಗ ಹೇಳಿದ, "ಎಲೆ ಸಂದಿಯೆಲ್ಲ ಕುಡಿ ಒಡೀತದೆ ಮೇಡಂ. ಒಂದ್ ವಾರದಾಗೆ."

"ಇಷ್ಟು ದಿನ ಯಾಕೆ ಒಡೆದಿರಲಿಲ್ಲ?"

"ತುದಿ ಬುಡ್ತಿರ್ನಿಲ್ಲ."

"ಅಷ್ಟೇ ಪಾಠ ಇವತ್ತು. ಬೆಳಿ ಅನ್ನೋ ಮಾತೂ ಇರುತ್ತೆ, ಬೇಡ ಅನ್ನೋ ಮಾತೂ ಇರುತ್ತೆ. ಬೇಡ ಅನ್ನೋರು ಹೋಗ್ಬಿಟ್ರೆ ಏನಾಗುತ್ತೆ ಅಂತ ನಿಮಗೆ ಹೊಲದಲ್ಲೇ ಗೊತ್ತಾಗಿದೆ."

"ಕುಡಿ ನಿಲ್ಸಕ್ಕೆ ಎಣ್ಣೆ ಬುಡ್ತೀವಿ ಮೇಡಂ ನಾವು."

"ಮನುಷ್ಯರಿಗೂ ಆ ಎಣ್ಣೆ ಹುಡುಕ್ತಾ ಇದೀವಿ ಕಣಪ್ಪ. ಸಿಕ್ಕಿಲ್ಲ" ಎಂದು ಅವರು ಡಸ್ಟರ್ ಕೈಗೆತ್ತಿಕೊಂಡರು. ನಾನು ಪಕ್ಕದ ಕೋಣೆಯಲ್ಲಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ನನ್ನ ಪಾಠಕ್ಕೆ ಅಂಥ ಗಿಡ ಒಂದೂ ಸಿಗಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಈ ವಿಷಯವನ್ನೇ ಯಾಕೆ ಹಿಡಿದರು ಎನ್ನುವುದು ಆಮೇಲೆ ತಿಳಿಯಿತು. ಅವರ ತಾಯಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಆರು ತಿಂಗಳು ವಾಯು ಎಂದು ಜೀರಿಗೆ ಕಷಾಯ ಕುಡಿಸಿದ್ದರಂತೆ. ಗೊತ್ತಾದ ಮೇಲೂ ಮನೆಯವರೆಲ್ಲ ಸೇರಿ ವಾಯು ಎಂದೇ ಹೇಳಿದರಂತೆ. "ಅವ್ವ ನನ್ನೇ ಕೇಳ್ತಿದ್ಲು, ನೀನು ಓದಿರೋಳು, ನೀನು ಯೇಳು ಅಂತ. ನಾನೂ ವಾಯು ಅಂದೆ" ಎಂದರು. ಇಷ್ಟು ಹೇಳಿ ಬಸ್ಸಿನ ದಾರಿ ನೋಡತೊಡಗಿದರು. ನಾನೂ ಆ ಕಡೆಯೇ ನೋಡಿದೆ.

ಹಾಸನದ ಆ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಹಳೇಕೋಟೆ ಕಡೆಯ ನಿಂಗಮ್ಮ ಒಬ್ಬರು. ಐವತ್ತರ ಆಸುಪಾಸಿನ ಒಕ್ಕಲು ಹೆಂಗಸು, ಗಟ್ಟಿ ದನಿ. ಗಂಡ ಮೊದಲ ದಿನವೇ ಡಾಕ್ಟರ ಮುಂದೆ ಕೈಮುಗಿದು ಕೇಳಿಕೊಂಡಿದ್ದ, "ಅವ್ಳಿಗೆ ಮಾತ್ರ ಯೇಳ್ಬ್ಯಾಡಿ ಸಾ. ಕಾಯ್ಲೆಗಿಂತ ಮುಂಚೆ ಎದ್ರುಕೇಲೇ ಓಗ್ಬುಡ್ತಾಳೆ." ಡಾಕ್ಟರು ಒಪ್ಪಿದ್ದರು. ಆಗೆಲ್ಲ ಅದೇ ರೂಢಿ. ರೋಗ ಹೆಂಗಸಿನದು, ಸುದ್ದಿ ಗಂಡನದು. ನಿಂಗಮ್ಮನಿಗೆ ಗೊತ್ತಿದ್ದದ್ದು ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದೆ ಎನ್ನುವುದಷ್ಟೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿಯನ್ನೂ ಬರೆದುಕೊಟ್ಟಿದ್ದರು. ಯಾಕೆ ಎಂದು ಮಾತ್ರ ಆಕೆಗೆ ಯಾರೂ ಹೇಳಿರಲಿಲ್ಲ.

ಮೇಡಂ ಅವರ ತಟ್ಟೆಗಳಲ್ಲಿ ನಿಂಗಮ್ಮನ ನೀರು ಹಾಕಿದ ಕೋಶಗಳು ಬೇರೆ ಎಲ್ಲರದಕ್ಕಿಂತ ಜೋರಾಗಿ ಬೆಳೆಯುತ್ತಿದ್ದವು. ಸೋಮವಾರ ಬೆಳಗ್ಗೆ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಈ ಸಲದ್ದು ಏನು ಚೆನ್ನಾಗಿದೆ ಗೊತ್ತಾ" ಎನ್ನುವರು. ಆ ಖುಷಿಯಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಅವರಿಗೂ ಕಂಡಿರಲಿಲ್ಲ.

ಒಂದು ಶನಿವಾರ ಅವರಿಗೆ ಪರೀಕ್ಷೆಯ ಡ್ಯೂಟಿ ಬಿತ್ತು. ಫ್ಲಾಸ್ಕ್ ಹಿಡಿದು ನನ್ನ ಮುಂದೆ ನಿಂತರು. "ನಿಮ್ಮನ್ನ ಕೇಳಬಾರದು. ಬೇರೆ ಯಾರನ್ನೂ ಕೇಳೋ ಹಾಗಿಲ್ಲ." ಹಾಸನದಿಂದ ಬರುವ ಬಸ್ಸಿನಲ್ಲೇ ನಾನು ಬಾಟಲಿ ತಂದುಕೊಟ್ಟರೆ ಅವರು ಹೊಳೆನರಸೀಪುರದಲ್ಲಿ ಹತ್ತಿಕೊಂಡು ಮೈಸೂರಿಗೆ ಹೋಗುವುದೆಂದು ಮಾತಾಯಿತು. ನಾನು ಮುಖ ಸಿಂಡರಿಸಿಕೊಂಡೇ ಹೋದೆ.

ವಾರ್ಡಿನಲ್ಲಿ ನಿಂಗಮ್ಮ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೊಟ್ಟೆ ಒಂಬತ್ತು ತಿಂಗಳಾದವರ ಹಾಗೆ ಬಿಗಿದಿತ್ತು. ನನ್ನ ಕೈಯಲ್ಲಿದ್ದ ಫ್ಲಾಸ್ಕ್ ನೋಡಿ ಗುರುತು ಹಿಡಿದು, "ಮೇಡಮ್ಮ ಬರ್ನಿಲ್ವಾ ಸಾ?" ಎಂದರು. ಇಲ್ಲ, ನನ್ನನ್ನು ಕಳಿಸಿದ್ದಾರೆ ಎಂದೆ.

"ಸದ್ಯ, ನೀವಾದ್ರೂ ಬಂದ್ರಲ್ಲ. ಒಂಬತ್ತ್ ದಿನದಿಂದ ತಡ್ಕಂಡಿವ್ನಿ. ಒಳೆನರಸೀಪುರದಲ್ಲೇ ತಗೀತೀವಿ ಅಂದ್ರು. ಬ್ಯಾಡ ಅಂದೆ. ಅಲ್ಲಿ ತಗುದ್ರೆ ಸುಮ್ನೆ ಚೆಲ್ಬುಡ್ತಾರೆ, ಮೇಡಮ್ಮಂಗೆ ಎಲ್ ಸಿಕ್ಕದೆ? ಬದ್ನೆಕಾಯೂ ಬುಟ್ಟಿವ್ನಿ ಸಾ, ನೀರು ಸುದ್ದವಾಗಿರ್ಲಿ ಅಂತವ."

ನನಗೆ ಅರ್ಥವಾಗಲಿಲ್ಲ. "ಯಾಕಮ್ಮ, ಮೇಡಂಗೋಸ್ಕರ ನೀವ್ಯಾಕೆ ಇಷ್ಟು ಕಷ್ಟಪಡ್ತೀರಿ?" ಎಂದೆ.

"ಅವ್ರಿಗೋಸ್ಕರ ಎಲ್ಲಿ ಬಂತು? ನಂಗೆ ತಾನೆ ಅವ್ರು ಔಸ್ತಿ ಮಾಡ್ತಿರದು, ಮೈಸೂರಲ್ಲಿ, ಈ ನೀರ್ನಲ್ಲಿ. ಬೆಂಗ್ಳೂರಿಗೋಗು ಅಂತ ಚೀಟಿ ಕೊಟ್ಟವ್ರೆ ಇವ್ರು. ನಾನ್ಯಾಕೋಗ್ಲಿ? ಔಸ್ತಿ ಬಂದೇ ಬತ್ತದಲ್ಲ ಸಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನು ಹೇಳಬೇಕಿತ್ತೋ ಅದು ನನಗೆ ಗೊತ್ತಿತ್ತು. "ಬರುತ್ತೆ ತಾಯಿ" ಎಂದೆ.

ಆ ಎರಡು ಶಬ್ದ ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ. ಒಬ್ಬ ಕಷ್ಟದಲ್ಲಿರುವ ಹೆಂಗಸಿಗೆ ಸಮಾಧಾನ ಹೇಳಿದೆ ಎಂದು ಆ ಕ್ಷಣಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಡಾಕ್ಟರು ಕೊಟ್ಟ ಬಾಟಲಿಯನ್ನು ಐಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ ಮೇಲೆ ಆ ಬೆಂಗಳೂರಿನ ಚೀಟಿಯೇ ನೆನಪಾಗತೊಡಗಿತು. ಹೊಳೆನರಸೀಪುರ ಬಂತು. ಮೇಡಂ ಹತ್ತಿ ಪಕ್ಕದಲ್ಲಿ ಕೂತು ಫ್ಲಾಸ್ಕಿಗೆ ಕೈಚಾಚಿದರು. ನಾನು ಇಳಿಯಬೇಕಾಗಿತ್ತು, ಇಳಿಯಲಿಲ್ಲ. ಹಳ್ಳಿಮೈಸೂರಿನವರೆಗೆ ಟಿಕೆಟ್ ತೆಗೆಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ.

ಬದನೆಕಾಯಿಯ ಮಾತು ಬಂದಾಗ ಅವರು ಕಣ್ಣು ಮುಚ್ಚಿಕೊಂಡರು.

"ನೀವೇನಂದ್ರಿ?"

"ಬರುತ್ತೆ ಅಂದೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, "ಎರಡು ತಿಂಗಳ ಹಿಂದೆ ನನ್ನೂ ಕೇಳಿದ್ರು, ಯಾವಾಗ ಆಗ್ತದೆ ಮೇಡಮ್ಮ ಅಂತ. ಕಾಯಿಲೆ ಯಾವಾಗ ವಾಸಿಯಾಗುತ್ತೆ ಅಂತ ಕೇಳ್ತಿದ್ದಾರೆ ಅಂದ್ಕೊಂಡು, ನೋಡೋಣ ಅಂದೆ. ನಿಜವಾಗಿ ಹಾಗೆ ಅಂದ್ಕೊಂಡಿದ್ನಾ, ಇಲ್ಲ ಬಿಡಿಸಿ ಹೇಳಿದ್ರೆ ನೀರು ಸಿಗಲ್ಲ ಅಂತ ಸುಮ್ಮನಾದ್ನಾ, ಅದು ನಂಗೆ ಗೊತ್ತಿಲ್ಲ" ಎಂದರು.

ಹಳ್ಳಿಮೈಸೂರಿನಲ್ಲಿ ನಾನಿಳಿದೆ. ಅವರೂ ಇಳಿದರು. ಆ ವಾರ ಅವರು ಮೈಸೂರಿಗೆ ಹೋಗಲಿಲ್ಲ.

ಮಾರನೆಯ ಬೆಳಗ್ಗೆ, ಭಾನುವಾರ, ಹಳೇಕೋಟೆ ಬಸ್ಸಿನಲ್ಲಿ ನಾವಿಬ್ಬರೂ ಇದ್ದೆವು. ಹಿಂದಿನ ಸಂಜೆಯೇ ಆಸ್ಪತ್ರೆಯವರು ನಿಂಗಮ್ಮನನ್ನು ಮನೆಗೆ ಕಳಿಸಿದ್ದರು. ಗಂಡ ಜಗುಲಿಯ ಮೇಲೆಯೇ ನಮ್ಮನ್ನು ಕೂರಿಸಿ, ವಿಷಯ ಕೇಳಿ, ಬಾಗಿಲಿಗೆ ಅಡ್ಡ ನಿಂತ. "ನಿಮ್ ಕಾಲಿಗೆ ಬೀಳ್ತೀನಿ. ಬ್ಯಾಡಿ. ನಾನು ಎಂಗೋ ಮಾಡಿ ಬೆಂಗ್ಳೂರಿಗೆ ಒಪ್ಪುಸ್ತೀನಿ."

"ಐದ್ ತಿಂಗ್ಳಿಂದ ಒಪ್ಪುಸ್ತಾ ಇದೀರಲ್ಲ ಯಜಮಾನ್ರೆ, ಒಪ್ಪವ್ರಾ?" ಎಂದರು ಮೇಡಂ. ಅವರ ಮಾತು ಆಗಲೇ ಅರಕಲಗೂಡಿನ ಮನೆಮಾತಿಗೆ ತಿರುಗಿತ್ತು. "ಅವ್ರು ಓಗ್ತಿಲ್ಲ, ಯಾಕಂದ್ರೆ ನಾನಿವ್ನಿ ಅಂತವ. ನಾನು ಇಲ್ಲ ಅಂತ ನಾನೇ ಯೇಳ್ಬೇಕು."

ಗಂಡ ಪಕ್ಕಕ್ಕೆ ಸರಿದು ಮುಖಕ್ಕೆ ಟವೆಲ್ಲು ಹಾಕಿಕೊಂಡು ಕೂತುಬಿಟ್ಟ. ನಾನು ಬಾಗಿಲಲ್ಲೇ ನಿಂತೆ. ಮೇಡಂ ಒಳಗೆ ಹೋಗಿ ನಿಂಗಮ್ಮನ ಚಾಪೆಯ ಮೇಲೇ ಕೂತರು.

"ಅಕ್ಕ, ನಾನೊಂದು ತಪ್ ಮಾಡಿವ್ನಿ. ಕೇಳಿ. ನಿಮ್ ವಟ್ಟೇಲಿರದು ಬರೀ ನೀರಲ್ಲ. ಗೆಡ್ಡೆ ಅದೆ, ಕ್ಯಾನ್ಸರು. ಗಾಯ ಆದ್ರೆ ಮಾಯ್ಸಕ್ಕೆ ಅಂತ ಮೈಯೊಳ್ಗೆ ಒಂದು ಸತ್ವ ಇರ್ತದೆ. ಮಾದ್ಮೇಲೆ ಅದು ನಿಲ್ಬೇಕು. ನಿಮ್ ಮೈನಲ್ಲಿ ನಿಂತಿಲ್ಲ, ಅದ್ಕೇ ಗೆಡ್ಡೆ ಬೆಳೀತಾ ಅದೆ. ಆ ಸತ್ವ ಎಂಥದು ಅಂತ ನೋಡಕ್ಕೆ ನಾನು ನೀರು ತಕ್ಕಂಡೋಗ್ತಿದ್ದೆ. ಅದ್ರಲ್ಲಿ ನಿಮ್ಗೆ ಔಸ್ತಿ ಆಗಕಿಲ್ಲ. ನಾನು ಔಸ್ತಿ ಮಾಡೋಳಲ್ಲ. ನಿಮ್ ಔಸ್ತಿ ಬೆಂಗ್ಳೂರಲ್ಲಿ ಅದೆ. ಅದೂ ಪೂರ್ತಿ ವಾಸಿ ಮಾಡ್ತದೆ ಅಂತ ನಾನು ಯೇಳಕಿಲ್ಲ."

ಒಳಗಿಂದ ನಿಂಗಮ್ಮನ ದನಿ ಬಂತು. "ಅಂಗಾರೆ ನನ್ ನೀರು ಯಾರ್ಗೆ?"

"ಮುಂದಿನೋರ್ಗೆ. ಅದೂ ಆದ್ರೆ."

"ಎಷ್ಟ್ ತಿಂಗ್ಳಾತು ನೀನು ಒತ್ಕಂಡೋಗಕ್ಕಿಡ್ದು?" ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ನೀನು ಎಂದರು.

"ಐದು."

"ಐದ್ ತಿಂಗ್ಳು. ಒಂದ್ ದಿನಾನಾರ ಯೇಳ್ಬೌದಾಗಿತ್ತು. ನಾನು ನಿನ್ನ ದಾರಿ ನೋಡ್ಕಂಡು, ಉಸ್ರು ಬಿಗಿ ಇಡ್ಕಂಡು ಕುಂತಿದ್ನಲ್ಲ. ಎದ್ದೋಗು. ನನ್ ಕಣ್ ಮುಂದೆ ಇರ್ಬ್ಯಾಡ."

ಮೇಡಂ ಎದ್ದು ಬಂದರು. ವಾಪಸು ಬರುವ ಬಸ್ಸಿನಲ್ಲಿ ಸೆರಗಿನಿಂದ ಎರಡು ಸಲ ಕಣ್ಣು ಒರೆಸಿಕೊಂಡರು. ನಿಂಗಮ್ಮ ಆ ವಾರವೇ ಬೆಂಗಳೂರಿಗೆ ಹೋದರೆಂದು ಆಮೇಲೆ ಡಾಕ್ಟರಿಂದ ತಿಳಿಯಿತು. ಇಂಜೆಕ್ಷನ್ ಕೊಟ್ಟರು, ಕೂದಲು ಹೋಯಿತು, ಹೊಟ್ಟೆಯ ನೀರು ನಿಂತಿತು. ಐದು ತಿಂಗಳು ಮೊದಲೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಮೇಡಂ ಆ ಪ್ರಶ್ನೆಯನ್ನು ಯಾರಲ್ಲೂ ಕೇಳಲಿಲ್ಲ. ಕೇಳದೆ ಒಳಗೇ ಇಟ್ಟುಕೊಂಡರು ಎಂದು ನನಗೆ ಗೊತ್ತು.

ಅದಾದ ಮೇಲೆ ಅವರು ಮಾಡಿದ್ದನ್ನು ಕಂಡು ನನಗೆ ಸಿಟ್ಟೇ ಬಂತು. ನಿಂಗಮ್ಮನ ನೀರಿನಿಂದ ಬಂದ ಫಲಿತಾಂಶಗಳನ್ನೆಲ್ಲ ಪ್ರಬಂಧದಿಂದ ತೆಗೆದುಹಾಕಿದರು. ಅವೇ ಅವರ ಅತ್ಯುತ್ತಮ ತಟ್ಟೆಗಳು. ಇನ್ನೊಂದು ವರ್ಷದಲ್ಲಿ ಮುಗಿಯಬೇಕಾದ ಕೆಲಸ ಮತ್ತೆ ಮೊದಲಿಂದ ಅನ್ನುವ ಹಾಗಾಯಿತು. ಗೈಡು, ನಿಮಗೆ ಹುಚ್ಚಾ ಎಂದು ಕೇಳಿದರಂತೆ. ನಾನೂ ಬಿಡಲಿಲ್ಲ. "ಹೇಳಿ ತಗೊಂಡಿದ್ದೋ ಹೇಳದೆ ತಗೊಂಡಿದ್ದೋ, ಆ ನೀರಿಗೇನು ಗೊತ್ತು ಮೇಡಂ? ಕೋಶ ಬೆಳೆದದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?"

"ಔಷಧಿ ಬರುತ್ತೆ ಅಂತ ಅವರು ತಡ್ಕೊಂಡು ಕೂತಿದ್ದ ನೀರು ಅದು. ಗ್ರಾಫ್ ಹಾಕೋವಾಗೆಲ್ಲ ನಂಗೆ ಅದೇ ಕಾಣುತ್ತೆ. ನನ್ನ ಕೈಲಿ ಆಗಲ್ಲ ಬಿಡಿ."

ಮುಂದೆ ಪ್ರತಿ ಶನಿವಾರ ಅವರು ಹಾಸನಕ್ಕೆ ಹೋದರೆ ಮೊದಲು ಮಂಚದ ಪಕ್ಕ ಕೂತು ಮಾತಾಡುತ್ತಿದ್ದರು. ಇದು ನಿಮಗೆ ಔಷಧಿ ಆಗಲ್ಲ, ಕೊಡದಿದ್ದರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ, ನಿಮಗಿರುವ ಕಾಯಿಲೆ ಏನೆಂದು ಗೊತ್ತಿದೆಯೇ, ತಿಳಿಯಬೇಕೆನಿಸಿದರೆ ಡಾಕ್ಟರನ್ನು ನಿಮ್ಮೆದುರಿಗೇ ಕರೆಯುತ್ತೇನೆ. ಕೆಲವರು ಬೇಡ, ನಮಗೆ ತಿಳಿಯುವುದೇ ಬೇಡ ಎನ್ನುತ್ತಿದ್ದರು. ಅಂಥವರ ಹತ್ತಿರ ನೀರು ತೆಗೆದುಕೊಳ್ಳುತ್ತಿರಲಿಲ್ಲ. ಚನ್ನರಾಯಪಟ್ಟಣದ ಒಬ್ಬಾಕೆಯ ಮಗ, "ನಮ್ಮಮ್ಮನ ತಲೆ ಕೆಡ್ಸಕ್ಕೆ ಬಂದಿದೀರಾ?" ಎಂದು ವಾರ್ಡಿನಿಂದ ಹೊರಗೆ ಕಳಿಸಿದ. ಎಷ್ಟೋ ಶನಿವಾರ ಖಾಲಿ ಫ್ಲಾಸ್ಕ್ ಹಿಡಿದು ಬಸ್ಸಿಳಿಯುತ್ತಿದ್ದರು. ಜೊತೆಯವರಿಗೆಲ್ಲ ಬಡ್ತಿಯಾಯಿತು, ಇವರು ಇದ್ದಲ್ಲೇ ಇದ್ದರು. ಅದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೇಸರವಿತ್ತು. ಬಡ್ತಿ ಪಟ್ಟಿ ಬಂದ ದಿನ ಊಟದ ಡಬ್ಬಿ ತೆಗೆಯದೆ ಹಾಗೇ ಮನೆಗೆ ಒಯ್ದರು.

ಒಂದೂವರೆ ವರ್ಷ ಕಳೆದಿರಬೇಕು. ಹಾಸನದ ಡಾಕ್ಟರು ಕಾಲೇಜಿಗೆ ಫೋನ್ ಮಾಡಿದರು. ನಿಂಗಮ್ಮನಿಗೆ ಮತ್ತೆ ನೀರು ತುಂಬಿಕೊಂಡಿದೆ, ವಾರ್ಡಿನಲ್ಲಿದ್ದಾರೆ, ಮೇಡಂ ಬರಬೇಕೆಂದು ಹೇಳಿಕಳಿಸಿದ್ದಾರೆ. ಅವತ್ತು ಬುಧವಾರ. ಮೇಡಂ ರಜೆ ಹಾಕಿದರು. ನಾನೂ ಹಾಕಿದೆ. ಬೈಸಿಕೊಳ್ಳುವುದೇ ಆದರೆ ಇಬ್ಬರೂ ಬೈಸಿಕೊಳ್ಳೋಣ ಎಂದು ನನ್ನ ಲೆಕ್ಕ.

ನಿಂಗಮ್ಮ ತುಂಬ ಇಳಿದುಹೋಗಿದ್ದರು. ತಲೆಗೆ ಸೆರಗು ಬಿಗಿದು ಕಟ್ಟಿದ್ದರು. ದನಿ ಮಾತ್ರ ಹಾಗೇ ಇತ್ತು. ಗಂಡ ಕಿಟಕಿಯ ಹತ್ತಿರ ನಿಂತಿದ್ದ. ಮಂಚದ ಕಾಲ ಬಳಿ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗಿ ಎಳೆಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಮಗಳು ಎಂದು ಮುಖವೇ ಹೇಳುತ್ತಿತ್ತು.

"ಬಾ, ಕುಂತ್ಕ" ಎಂದರು ನಿಂಗಮ್ಮ. ಮೇಡಂ ಕೂತರು.

"ಇವ್ರೆಲ್ಲ ನಂಗೆ ವಾಸಿಯಾಯ್ತದೆ ಅಂತವ್ರೆ. ಬಂದೋರೆಲ್ಲ ಅದ್ನೇ ಅಂತಾರೆ. ಅವ್ರ ಮಕ ನೋಡುದ್ರೆ ಗೊತ್ತಾಯ್ತದೆ. ನೀನೊಬ್ಳು ಯೇಳೀಯೆ ಅಂತ ಕರ್ಸಿವ್ನಿ. ಎಷ್ಟ್ ದಿನ?"

ಗಂಡ ಕಿಟಕಿಯ ಕಡೆ ತಿರುಗಿಕೊಂಡ. ಮೇಡಂ ನಿಂಗಮ್ಮನ ಕೈ ಹಿಡಿದುಕೊಂಡು, "ನಂಗೆ ಸರ್ಯಾಗಿ ಗೊತ್ತಿಲ್ಲ ಅಕ್ಕ. ಡಾಕ್ಟ್ರು ಎರಡ್ ಮೂರ್ ತಿಂಗ್ಳು ಅಂತವ್ರೆ. ಅದ್ಕಿಂತ ಎಚ್ಚು ಅಂತ ನಾನು ಯೇಳಕ್ಕಾಗಕಿಲ್ಲ" ಎಂದರು.

"ರಾಗಿ ಕುಯ್ಲು ನೋಡ್ತೀನಾ?"

"ಕಷ್ಟ."

ನಿಂಗಮ್ಮ ಸುಮ್ಮನೆ ತಲೆಯಾಡಿಸಿದರು. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ. ನಿಂಗಮ್ಮ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, "ಈಗ ತಗೀತಾರಂತೆ. ನಿಂಗೆ ಬೇಕಾ?" ಎಂದರು.

"ನಾನು ಅದ್ಕೆ ಬಂದಿದ್ದಲ್ಲ ಅಕ್ಕ. ಅದ್ರಿಂದ ನಿಮ್ಗೆ..."

"ನಂಗೇನೂ ಆಗಕಿಲ್ಲ, ಗೊತ್ತು ಕಣವ್ವ. ಎಷ್ಟ್ ಸಲ ಯೇಳೀಯೆ? ಆವಾಗ ಗೊತ್ತಿಲ್ದೆ ಕೊಟ್ಟೆ, ಈ ಸಲ ಗೊತ್ತಿದ್ದೇ ಕೊಡ್ತಾ ಇವ್ನಿ. ತಕ. ಆದ್ರೆ ನಂದೊಂದ್ ಮಾತು ನಡ್ಸಿಕೊಡ್ಬೇಕು."

ಮಗಳನ್ನು ಹತ್ತಿರ ಬಾ ಎಂದು ಕೈಸನ್ನೆ ಮಾಡಿದರು. ಅವಳು ಕೂಸನ್ನು ಎತ್ತಿಕೊಂಡು ಬಂದು ನಿಂತಳು.

"ಇವ್ಳ ವಟ್ಟೇನೂ ವರ್ಸಕ್ಕೊಂದ್ಸಲ ಡಾಕ್ಟ್ರ ಕೈಲಿ ನೋಡ್ಸು. ನನ್ ಮಗ್ಳು, ನನ್ ಮೈಯೇ ಬಂದಿದ್ರೂ ಬಂದಿರ್ಬೌದು. ಏನೇ ಇರ್ಲಿ, ಇವ್ಳ್ ತಾವ್ಲೇ ಯೇಳು. ಇವ್ಳ ಗಂಡನ್ ತಾವಲ್ಲ, ಇವ್ಳಪ್ಪನ್ ತಾವಲ್ಲ. ಇವ್ಳ್ ತಾವ."

ಗಂಡ ಕಿಟಕಿಯ ಹತ್ತಿರದಿಂದ, "ಆಗ್ಲಿ ಮೇಡಮ್ಮಾರೆ" ಎಂದ. ಮೇಡಂ ಎದ್ದು ಆ ಹುಡುಗಿಯ ಎದುರಿಗೆ ನಿಂತು, ಮೊದಲು ಅವಳ ಹೆಸರು ಕೇಳಿದರು.